ಬಾಸ್ ಮೀನಿಗೆ ನಾಲ್ಕೇ ಲೂರ್ ಸಾಕು: ಟೆಕ್ಸಾಸ್ ದಡದಲ್ಲಿ ನಿಂತು ಹಿಡಿಯುವವರಿಗೆ

ಟೆಕ್ಸಾಸ್‌ನಲ್ಲಿ ಮೀನು ಹಿಡಿಯೋ ಸಾಮಾನಿನ ಯಾವ ದೊಡ್ಡ ಅಂಗಡಿಗೆ ಹೋದರೂ ಬಾಸ್ ಮೀನಿಗೆ ಅಂತಲೇ ಒಂದು ಇಡೀ ಸಾಲು ಇರುತ್ತದೆ. ಪ್ಲಾಸ್ಟಿಕ್ ಹುಳು, ರಬ್ಬರ್ ಕಪ್ಪೆ, ಹಲ್ಲಿ, ಇಲಿಮರಿ, ಮಿನುಗುವ ತಗಡು, ಒಳಗೆ ಗುಂಡು ಹಾಕಿ ಗಲಗಲ ಅನ್ನಿಸುವ ಬಣ್ಣದ ಮೀನುಗಳು. ಈ ಎಲ್ಲ ಕೃತಕ ಆಮಿಷಗಳಿಗೂ ಲೂರ್ ಅಂತಾರೆ. ಹೊಸಬರು ಅಲ್ಲಿ ನೂರು ಡಾಲರ್ ಸುರಿದು, ಮನೆ ಹತ್ತಿರದ ಕೊಳಕ್ಕೆ ಬಂದು, ಹತ್ತು ನಿಮಿಷಕ್ಕೊಂದು ಲೂರ್ ಬದಲಾಯಿಸುತ್ತಾ ಸಂಜೆ ಕಳೆದು ಖಾಲಿ ಕೈಯಲ್ಲಿ ವಾಪಸ್ ಹೋಗುತ್ತಾರೆ. ದೋಣಿ ಇಲ್ಲದೆ ದಡದಿಂದ ಹಿಡಿಯುವವರಿಗೆ ವರ್ಷಪೂರ್ತಿ ನಾಲ್ಕು ಲೂರ್ ಧಾರಾಳ. ಮೀನು ಬೀಳಲಿಲ್ಲ ಅಂದ್ರೆ ಮೊದಲು ಎಸೆಯುವ ಜಾಗ ಬದಲಾಯಿಸಿ, ಆಮೇಲೆ ಎಳೆಯುವ ವೇಗ. ಲೂರ್ ಬದಲಾಯಿಸುವುದು ಕಡೆಯ ಉಪಾಯ.

ಇಲ್ಲಿ ಬಾಸ್ ಅಂದ್ರೆ ಲಾರ್ಜ್‌ಮೌತ್ ಬಾಸ್, ದೊಡ್ಡ ಬಾಯಿಯ ಹಸಿರು ಮೀನು. ಆಸ್ಟಿನ್ ಕಡೆಯ ಹೊಳೆಗಳಲ್ಲಿ ಗ್ವಾಡಲೂಪ್ ಬಾಸ್ ಅಂತ ಚಿಕ್ಕದೊಂದು ಸಿಗುತ್ತದೆ, ಅದು ಟೆಕ್ಸಾಸ್‌ನ ರಾಜ್ಯ ಮೀನು. ಅದರ ವಿಷಯ ಇನ್ನೊಮ್ಮೆ.

ಮೊದಲು ಲೈಸೆನ್ಸ್

17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಜಾಲತಾಣದಲ್ಲಿ ಐದು ನಿಮಿಷದ ಕೆಲಸ. ಸಾಮಾನ್ಯ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಹಾಗಾಗಿ ಜುಲೈನಲ್ಲಿ ಕೊಳ್ಳುವ ಮುಂಚೆ ಸ್ವಲ್ಪ ಯೋಚನೆ ಮಾಡಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅಪ್ಪನಿಗೆ ಗಾಳ ಹಾಕೋ ಆಸೆ ಇದೆ ಅಂತಿಟ್ಟುಕೊಳ್ಳಿ. ಯಾವುದಾದರೂ ಸ್ಟೇಟ್ ಪಾರ್ಕ್‌ಗೆ ಕರೆದುಕೊಂಡು ಹೋಗಿ. ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಹಿಡಿಯೋಕೆ ಲೈಸೆನ್ಸ್ ಬೇಡ, ಪ್ರವೇಶ ಶುಲ್ಕ ಕಟ್ಟಿದರೆ ಆಯಿತು. ಎಷ್ಟೋ ಪಾರ್ಕ್‌ಗಳಲ್ಲಿ ರಾಡ್ ಕೂಡ ಪುಕ್ಕಟೆ ಎರವಲು ಕೊಡುತ್ತಾರೆ. ಜೂನ್ ತಿಂಗಳ ಮೊದಲ ಶನಿವಾರ ಇಡೀ ರಾಜ್ಯದಲ್ಲೇ ಲೈಸೆನ್ಸ್ ಬೇಡ.

ಲಾರ್ಜ್‌ಮೌತ್‌ಗೆ ರಾಜ್ಯದ ಸಾಮಾನ್ಯ ನಿಯಮ: ದಿನಕ್ಕೆ 5 ಬಾಸ್, ಒಂದೊಂದೂ ಕನಿಷ್ಠ 14 ಇಂಚು. ಆದರೆ ಕೆರೆ ಕೆರೆಗೂ ನಿಯಮ ಬೇರೆ. ಡಲ್ಲಾಸ್ ಪೂರ್ವಕ್ಕಿರುವ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಮೀನನ್ನ ಇಟ್ಟುಕೊಳ್ಳುವ ಹಾಗೇ ಇಲ್ಲ, ಬಿಡಲೇಬೇಕು. ಟೆಕ್ಸಾಸ್‌ನ ದಾಖಲೆ ಬಾಸ್ ಬಿದ್ದದ್ದೂ ಅದೇ ಕೆರೆಯಲ್ಲಿ, 1992ರ ಜನವರಿಯಲ್ಲಿ, 18.18 ಪೌಂಡ್. ಎಂಟು ಕೆಜಿಗೂ ಮೇಲೆ! ಹೋಗುವ ಮುಂಚೆ ಆ ಕೆರೆಯ ಹೆಸರು ಹಾಕಿ ನಿಯಮ ನೋಡಿಕೊಳ್ಳಿ. ವಾರ್ಡನ್ ಬಂದು ಅಳತೆ ಹಾಕಿದಾಗ ಗೊತ್ತಿರಲಿಲ್ಲ ಅಂದ್ರೆ ನಡೆಯಲ್ಲ.

ರಾಡ್, ರೀಲ್, ದಾರ

ಆರೂವರೆಯಿಂದ ಏಳು ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, 2500 ಸೈಜಿನ ರೀಲ್, 10 ಪೌಂಡ್ ಎಳೆತ ತಡೆಯುವ ಮಾನೊ ಲೈನ್ (ಒಂಟಿ ಎಳೆಯ ನೈಲಾನ್ ದಾರ). ಮೊದಲ ವರ್ಷಕ್ಕೆ ಇಷ್ಟು ಸಾಕು. ಅಂಗಡಿಯವನು ಬೇಟ್‌ಕ್ಯಾಸ್ಟರ್ ರೀಲ್ ತೋರಿಸುತ್ತಾನೆ, ಟಿವಿಯಲ್ಲಿ ಟೂರ್ನಮೆಂಟ್ ಆಡುವವರ ಕೈಯಲ್ಲೂ ಅದೇ ಇರುತ್ತದೆ, ನಿಜ. ಆದರೆ ಹೆಬ್ಬೆರಳಿನಿಂದ ದಾರ ಸುತ್ತಿದ ಸ್ಪೂಲ್ ಒತ್ತಿ ಹಿಡಿಯೋ ಅಭ್ಯಾಸ ಇಲ್ಲದವರು ಅದನ್ನ ಎಸೆದರೆ ದಾರವೆಲ್ಲ ಸಿಕ್ಕುಸಿಕ್ಕಾಗಿ ಅರ್ಧ ಸಂಜೆ ಬಿಡಿಸೋದರಲ್ಲೇ ಹೋಗುತ್ತದೆ. ಆಮೇಲೆ ಕಲಿಯಿರಿ.

ಗಂಟು ಒಂದೇ ಕಲಿತರೆ ಸಾಕು, ಪ್ಯಾಲೊಮಾರ್. ದಾರವನ್ನ ಒಂದು ಗೇಣು ಮಡಚಿ, ಆ ಮಡಿಕೆಯನ್ನ ಗಾಳದ ಕಣ್ಣಿನೊಳಗೆ ತೂರಿಸಿ. ಅದರಲ್ಲೇ ಸಡಿಲವಾಗಿ ಒಂದು ಸಾದಾ ಗಂಟು ಹಾಕಿ. ಈಗ ತುದಿಯ ಕುಣಿಕೆಯೊಳಗಿಂದ ಇಡೀ ಗಾಳವನ್ನ ದಾಟಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ ನಿಧಾನ ಎಳೆಯಿರಿ. ಒದ್ದೆ ಮಾಡದೆ ಎಳೆದರೆ ದಾರ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ, ದೊಡ್ಡ ಮೀನು ಬಿದ್ದ ದಿನ ಸರಿಯಾಗಿ ಅಲ್ಲೇ ಕಿತ್ತು ಹೋಗುತ್ತದೆ.

ಮೀನು ಎಲ್ಲಿ ನಿಂತಿರುತ್ತೆ

ಬಾಸ್ ಅಟ್ಟಿಸಿಕೊಂಡು ಹೋಗಿ ತಿನ್ನೋದಕ್ಕಿಂತ ಹೊಂಚು ಹಾಕಿ ತಿನ್ನೋದು ಜಾಸ್ತಿ. ಮರೆ ಬೇಕು, ನೆರಳು ಬೇಕು, ಎದುರಿಗೆ ಬ್ಲೂಗಿಲ್, ಶ್ಯಾಡ್ ಅನ್ನೋ ಸಣ್ಣ ಮೀನು, ಸಿಗಡಿಯಂಥ ಕ್ರಾಫಿಶ್ ಹಾದು ಹೋಗಬೇಕು. ಇದಿಷ್ಟು ಎಲ್ಲಿದೆ ಅಂತ ಹುಡುಕಿ.

ನಮ್ಮ ಕಡೆ ಕೆರೆ ನೋಡಿ ಬೆಳೆದವರಿಗೆ ಇದು ಸುಲಭ. ಇಲ್ಲಿನ ಬಡಾವಣೆ ಕೊಳಗಳಿಗೂ ಏರಿ ಇದೆ, ಕೋಡಿ ಇದೆ, ತೂಬಿನ ಕೆಲಸ ಮಾಡುವ ಸಿಮೆಂಟ್ ಕೊಳವೆ ಇದೆ. ಆ ಕೊಳವೆಯ ಸುತ್ತ ನೀರು ಆಳ, ಅಲ್ಲೊಂದು ದೊಡ್ಡ ಮೀನು ಬಹುತೇಕ ಇದ್ದೇ ಇರುತ್ತದೆ. ಏರಿಯ ಎರಡು ಮೂಲೆಗಳು ಇನ್ನೊಂದು ಜಾಗ. ಮಳೆ ನೀರು ಒಳಗೆ ಬರುವ ಮೋರಿ ಬಾಯಿ, ಮಳೆಯಾದ ದಿನ. ಜೊಂಡಿನ ಅಂಚು. ನೀರಿಗೆ ಬಾಗಿದ ಮರದ ನೆರಳು. ಬಿದ್ದ ಕೊಂಬೆ ಕಂಡರಂತೂ ಬಿಡಲೇಬೇಡಿ.

ಹೊಸಬರು ಬಂದ ಕೂಡಲೇ ನೀರಿನ ಅಂಚಿಗೆ ಹೋಗಿ ನಿಂತು ಕೊಳದ ನಟ್ಟನಡುವೆ ಎಷ್ಟು ದೂರ ಆಗುತ್ತೋ ಅಷ್ಟು ದೂರ ಎಸೆಯುತ್ತಾರೆ. ಮೀನು ಎಷ್ಟೋ ಸಲ ಅವರ ಕಾಲ ಬುಡದಲ್ಲೇ ಇರುತ್ತದೆ, ಹೆಜ್ಜೆ ಸದ್ದಿಗೆ ಓಡಿ ಹೋಗಿರುತ್ತದೆ. ಮೀನಿನ ಪಕ್ಕೆಯ ಉದ್ದಕ್ಕೂ ಒಂದು ಗೆರೆ ಇದೆಯಲ್ಲ, ಅದರಿಂದ ಅದಕ್ಕೆ ನೀರಿನ ಅದುರುವಿಕೆ ಗೊತ್ತಾಗುತ್ತದೆ. ಆದ್ದರಿಂದ ನೀರಿನಿಂದ ಎರಡು ಮೂರು ಹೆಜ್ಜೆ ಹಿಂದೆ ನಿಲ್ಲಿ, ಮೊದಲ ಎಸೆತ ದಡದ ಉದ್ದಕ್ಕೆ ಎಡಕ್ಕೊಂದು, ಬಲಕ್ಕೊಂದು, ದಡದಿಂದ ಮೂರ್ನಾಲ್ಕು ಅಡಿ ಒಳಗೆ. ಹೀಗೆ ಎಸೆದರೆ ಎಳೆದು ತರುವಷ್ಟು ಹೊತ್ತೂ ಲೂರ್ ಮೀನಿರುವ ಪಟ್ಟಿಯಲ್ಲೇ ಬರುತ್ತದೆ. ನಡುವೆ ಎಸೆದರೆ ಕೊನೆಯ ಎರಡು ಸೆಕೆಂಡ್ ಮಾತ್ರ ಅಲ್ಲಿರುತ್ತದೆ. ಪೋಲರಾಯ್ಡ್ ಕನ್ನಡಕ ಹಾಕಿದರೆ ನೀರಿನ ಮೇಲಿನ ಹೊಳಪು ಹೋಗಿ ಒಳಗಿನ ಕಲ್ಲು, ಕೊಂಬೆ, ಕೆಲವೊಮ್ಮೆ ಮೀನೂ ಕಾಣುತ್ತದೆ.

ಒಂದನೆಯದು: ಮೆತ್ತನೆ ಹುಳು

ಒಂದೇ ಲೂರ್ ಇಟ್ಟುಕೋ ಅಂದ್ರೆ ಇದನ್ನೇ ಇಟ್ಟುಕೊಳ್ಳೋದು. ಪ್ಲಾಸ್ಟಿಕ್ ಹುಳು ಹಳೆಯ ಐಡಿಯಾ. 1949ರಲ್ಲಿ ಓಹಾಯೊದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ ಮಾರಾಟ ಶುರು ಮಾಡಿದ, ಕಂಪನಿ ಆಮೇಲೆ ಇಲ್ಲಿಯ ಟೈಲರ್ ಊರಿಗೆ ಬಂತು. ಈಗ ಹೆಚ್ಚು ಓಡುವುದು ಸೆಂಕೊ ಅನ್ನೋ ಹುಳು, ಲೂರ್ ತಯಾರಿಸುವ ಗ್ಯಾರಿ ಯಮಮೊಟೊ ತಂದದ್ದು. ನೋಡೋಕೆ ಏನೂ ಇಲ್ಲ. ಐದು ಇಂಚಿನ ದಪ್ಪ ಕಡ್ಡಿ, ಕಾಲಿಲ್ಲ, ಬಾಲವಿಲ್ಲ. ಆದರೆ ಪ್ಲಾಸ್ಟಿಕ್‌ನಲ್ಲಿ ಉಪ್ಪು ಬೆರೆತಿರುವುದರಿಂದ ತೂಕ ಇದೆ, ಸೀಸದ ಗುಂಡು ಕಟ್ಟದೆಯೇ ಮುಳುಗುತ್ತದೆ. ಮುಳುಗುವಾಗ ಎರಡೂ ತುದಿ ಸಣ್ಣಗೆ ನಡುಗುತ್ತದೆ. ಬಾಸ್‌ಗೆ ಅದೇ ಬೇಕು.

ಕಟ್ಟುವುದು ಎರಡು ರೀತಿ. ಸುಲಭದ್ದು ವ್ಯಾಕಿ ರಿಗ್: ಹುಳುವಿನ ನಡುವಿಗೆ ಒಂದು ಸಣ್ಣ ರಬ್ಬರ್ ಉಂಗುರ ಹಾಕಿ, 1/0 ಸೈಜಿನ ಗಾಳವನ್ನ ಆ ಉಂಗುರದ ಕೆಳಗೆ ತೂರಿಸುವುದು. ಉಂಗುರ ಇಲ್ಲದೆ ಹುಳುವಿಗೇ ಚುಚ್ಚಬಹುದು, ಆದರೆ ಎರಡು ಮೀನಿಗೆ ಹುಳು ಹರಿದು ಹೋಗುತ್ತದೆ, ಪ್ಯಾಕೆಟ್ ಅಷ್ಟು ಅಗ್ಗವಲ್ಲ.

ಕೊಂಬೆ, ಪಾಚಿ ಇರುವಲ್ಲಿ ವ್ಯಾಕಿ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿಗೆ ಟೆಕ್ಸಾಸ್ ರಿಗ್. ಇದಕ್ಕೆ ಕುತ್ತಿಗೆ ಬಾಗಿದ 3/0 ಅಥವಾ 4/0 ಗಾಳ ಬೇಕು. ಗಾಳದ ಮೊನೆಯನ್ನ ಹುಳುವಿನ ತಲೆಗೆ ನೇರ ಚುಚ್ಚಿ, ಕಾಲು ಇಂಚು ಒಳಗೆ ಹೋದ ಮೇಲೆ ಪಕ್ಕದಿಂದ ಹೊರಗೆ ತೆಗೆಯಿರಿ. ಹುಳುವನ್ನ ಮೇಲಕ್ಕೆ ಸರಿಸಿ ಗಾಳದ ಕಣ್ಣಿನ ತನಕ ತನ್ನಿ, ಈಗ ಗಾಳವನ್ನ ಅರ್ಧ ಸುತ್ತು ತಿರುಗಿಸಿ. ಹುಳು ಕೆಳಗೆ ಜೋತು ಬೀಳಲಿ. ಗಾಳದ ಬಾಗು ಹುಳುವಿನ ಯಾವ ಜಾಗಕ್ಕೆ ಬರುತ್ತದೋ ಅಲ್ಲಿ ಉಗುರಿನಿಂದ ಗುರುತು ಮಾಡಿ, ಹುಳುವನ್ನ ಸ್ವಲ್ಪ ಮೇಲಕ್ಕೆ ಮಡಚಿ, ಅಲ್ಲೇ ಮೊನೆ ಚುಚ್ಚಿ ಆ ಕಡೆಗೆ ದಾಟಿಸಿ. ಮೊನೆ ಮೇಲಿನ ಚರ್ಮದ ಕೆಳಗೆ ಒಂಚೂರು ಅಡಗಿರಲಿ, ಆಗ ಕೊಂಬೆಗೆ ಕಚ್ಚಲ್ಲ. ಹುಳು ಕಡ್ಡಿ ಥರ ನೆಟ್ಟಗೆ ಇರಬೇಕು. ಸೊಟ್ಟ ಆಗಿದ್ದರೆ ಬಿಚ್ಚಿ ಇನ್ನೊಮ್ಮೆ ಕಟ್ಟಿ, ಇಲ್ಲಾಂದ್ರೆ ನೀರಲ್ಲಿ ಬುಗುರಿಯಂತೆ ತಿರುಗಿ ದಾರ ಹುರಿಯಾಗುತ್ತದೆ. ಗಾಳಿ ಇದ್ದರೆ, ನೀರು ಆಳ ಇದ್ದರೆ ಮುಂದೆ ಕಾಲು ಔನ್ಸಿನ ಬುಲೆಟ್ ಆಕಾರದ ತೂಕ ಸೇರಿಸಿ.

ಎಸೆದ ಮೇಲೆ ಏನು ಮಾಡಬೇಕು? ಏನೂ ಮಾಡಬಾರದು! ಇದೇ ಕಷ್ಟ. ದಾರ ಸಡಿಲ ಬಿಟ್ಟು ಹುಳು ತಾನಾಗಿ ತಳಕ್ಕೆ ಇಳಿಯಲು ಬಿಡಿ. ದಾರ ಬಿಗಿ ಹಿಡಿದರೆ ಅದು ಜೋಕಾಲಿಯ ಹಾಗೆ ನಿಮ್ಮ ಕಡೆಗೆ ವಾಲಿ ಬರುತ್ತದೆ, ನಡುಕ ಇರಲ್ಲ. ಕಣ್ಣು ಮಾತ್ರ ದಾರ ನೀರನ್ನ ಮುಟ್ಟುವ ಜಾಗದ ಮೇಲೆ ಇರಲಿ. ಹುಳು ಇಳಿಯುತ್ತಿರುವಾಗ ದಾರ ನಿಧಾನವಾಗಿ ಒಳಗೆ ಹೋಗುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಅದು ಒಂದಿಂಚು ಟಕ್ ಅಂತ ಹಾರುತ್ತದೆ. ಅಥವಾ ತಳ ಮುಟ್ಟುವ ಮುಂಚೆಯೇ ನಿಂತುಬಿಡುತ್ತದೆ. ಅಥವಾ ಮೆಲ್ಲಗೆ ಪಕ್ಕಕ್ಕೆ ಸರಿಯೋಕೆ ಶುರುವಾಗುತ್ತದೆ, ಇದು ನನಗೆ ತುಂಬ ಇಷ್ಟದ್ದು. ಮೂರಕ್ಕೂ ಅರ್ಥ ಒಂದೇ, ಮೀನು ಬಾಯಿ ತೆರೆದು ನೀರಿನ ಜೊತೆ ಹುಳುವನ್ನ ಒಳಗೆ ಹೀರಿಕೊಂಡಿದೆ. ರಾಡ್ ತಗ್ಗಿಸಿ, ಸಡಿಲ ದಾರ ಬೇಗ ಸುತ್ತಿ, ಭಾರ ಸಿಕ್ಕ ಕೂಡಲೇ ರಾಡನ್ನ ಜೋರಾಗಿ ಮೇಲೆತ್ತಿ. ಕೈಗೆ ಎಳೆತ ಗೊತ್ತಾಗಲಿ ಅಂತ ಕಾಯುತ್ತಾ ಕೂತರೆ ಅಷ್ಟರಲ್ಲಿ ಉಗುಳಿರುತ್ತದೆ, ಇಲ್ಲವೇ ಗಂಟಲೊಳಗೆ ನುಂಗಿರುತ್ತದೆ. ಎರಡೂ ಒಳ್ಳೇದಲ್ಲ.

ಏನೂ ಆಗದೆ ತಳ ಮುಟ್ಟಿತಾ? ಹತ್ತು ಎಣಿಸಿ. ರಾಡ್ ತುದಿ ಒಂದಡಿ ಎತ್ತಿ, ಮತ್ತೆ ಬಿಡಿ. ಎರಡು ಮೂರು ಸಲ ಹೀಗೆ ಮಾಡಿ, ಎಳೆದುಕೊಂಡು ಮುಂದಿನ ಜಾಗಕ್ಕೆ ಎಸೆಯಿರಿ.

ಬಣ್ಣದ ಚಿಂತೆ ಬೇಡ. ನೀರು ತಿಳಿ ಇದ್ದರೆ ಗ್ರೀನ್ ಪಂಪ್ಕಿನ್ (ಕಂದು ಬೆರೆತ ಹಸಿರು), ರಾಡಿ ಇದ್ದರೆ ಕಪ್ಪು ನೀಲಿ. ಹರಿದ ಹುಳುವನ್ನ ಅಲ್ಲೇ ಎಸೆಯಬೇಡಿ, ಜೇಬಿಗೆ ಹಾಕಿಕೊಳ್ಳಿ.

ಎರಡನೆಯದು: ಸ್ಪಿನ್ನರ್‌ಬೇಟ್

ತಂತಿಯ ಒಂದು ತೋಳಲ್ಲಿ ತಿರುಗುವ ತಗಡು, ಇನ್ನೊಂದರಲ್ಲಿ ರಬ್ಬರ್ ಲಂಗ ಹಾಕಿದ ಗಾಳ. ಗಾಳಿ ಬೀಸುವ ದಿನಕ್ಕೆ, ಮಳೆ ಬಂದು ನೀರು ಕೆಂಪಾದ ದಿನಕ್ಕೆ ಇದು. ಗಾಳಿ ಬಂತು ಅಂತ ಜನ ಮನೆಗೆ ಹೋಗುತ್ತಾರೆ, ಆದರೆ ಗಾಳಿ ಹೊಡೆಯುವ ದಡಕ್ಕೆ ಸಣ್ಣ ಮೀನೆಲ್ಲ ತಳ್ಳಿಕೊಂಡು ಬರುತ್ತವೆ, ಅದರ ಹಿಂದೆ ಬಾಸ್ ಬರುತ್ತದೆ, ನೀರಿನ ಮೇಲೆ ಅಲೆ ಇರುವುದರಿಂದ ಅದಕ್ಕೆ ನೀವೂ ಕಾಣಲ್ಲ. ಎದುರು ಗಾಳಿಗೆ ಎಸೆಯೋದು ಕಷ್ಟ, ಆದರೂ ಅಲ್ಲೇ ಎಸೆಯಬೇಕು.

3/8 ಔನ್ಸಿನದು, ಬಿಳಿ ಬಣ್ಣ ಅಥವಾ ಬಿಳಿ ಹಳದಿ ಸೇರಿದ್ದು ತೆಗೆದುಕೊಳ್ಳಿ. ತಗಡು ಉದ್ದ ಎಲೆ ಆಕಾರದ್ದಾದರೆ ಹೊಳಪು ಜಾಸ್ತಿ, ದುಂಡಗಿದ್ದರೆ ಅದುರುವಿಕೆ ಜಾಸ್ತಿ. ರಾಡಿ ನೀರಿಗೆ ದುಂಡಗಿನದು. ತಗಡು ತಿರುಗುವುದು ರಾಡ್ ಹಿಡಿದ ಕೈಗೆ ಗೊತ್ತಾಗುವಷ್ಟು ಮಾತ್ರ ವೇಗದಲ್ಲಿ ಸುತ್ತಿ, ಅದಕ್ಕಿಂತ ಜಾಸ್ತಿ ಬೇಡ. ಕೊಂಬೆ ಇದ್ದರೆ ಬೇಕಂತಲೇ ಅದಕ್ಕೆ ಡಿಕ್ಕಿ ಹೊಡೆಸಿ. ತಾಗಿ ಪಕ್ಕಕ್ಕೆ ಹೊರಳುತ್ತದಲ್ಲ, ಆ ಕ್ಷಣಕ್ಕೇ ಬಾಸ್ ಹಾರುವುದು.

ಮೂರನೆಯದು: ಗಲಗಲ ಮೀನು

ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್ ಅಂತಾರೆ. ರ‍್ಯಾಟ್-ಎಲ್-ಟ್ರ್ಯಾಪ್ ಇದರಲ್ಲಿ ಹಳೆಯ ಹೆಸರು. ಚಪ್ಪಟೆ ಮೀನಿನ ಆಕಾರ, ಒಳಗೆ ಗುಂಡು, ಎಳೆದರೆ ಸದ್ದು. ಅರ್ಧ ಔನ್ಸಿನದು ದೂರ ಹೋಗುತ್ತದೆ. ಇದರ ಕಾಲ ಚಳಿ ಮುಗಿಯುವಾಗ, ಫೆಬ್ರವರಿ, ಮಾರ್ಚ್. ಕೆಂಪು ಬಣ್ಣ. ಪೂರ್ವ ಟೆಕ್ಸಾಸ್‌ನ ಕೆರೆಗಳಲ್ಲಿ ಆ ಹೊತ್ತಿಗೆ ಕೆಂಪು ಬಿಟ್ಟು ಬೇರೆ ಎಸೆಯುವವರೇ ಕಮ್ಮಿ. ಕ್ರಾಫಿಶ್ ಹಾಗೆ ಕಾಣುತ್ತೆ ಅಂತ ಹೇಳುತ್ತಾರೆ.

ನೀರೊಳಗಿನ ಹುಲ್ಲಿನ ಮೇಲೆ ಎಳೆಯಿರಿ, ಹುಲ್ಲಿಗೆ ಸಿಕ್ಕಿದಾಗ ರಾಡನ್ನ ಚುರುಕಾಗಿ ಜಗ್ಗಿ ಬಿಡಿಸಿ, ಮತ್ತೆ ಕೆಳಗೆ ಬೀಳಲು ಬಿಡಿ. ಹೊಡೆತ ಬೀಳುವುದು ಬಿಡಿಸಿಕೊಂಡು ಬೀಳುವಾಗಲೇ. ಇದರಲ್ಲಿ ಮೂರು ಮೊನೆಯ ಗಾಳ ಎರಡು ಇರುತ್ತವೆ, ಆದ್ದರಿಂದ ಹುಳುವಿನ ಹಾಗೆ ಜೋರಾಗಿ ಮೇಲೆತ್ತಬೇಡಿ. ಸುತ್ತುತ್ತಲೇ ಇರಿ, ರಾಡ್ ಪಕ್ಕಕ್ಕೆ ಬಾಗಿಸಿ, ಅಷ್ಟೇ. ಮೀನು ತಲೆ ಒದರಿದರೆ ಆ ಆರು ಮೊನೆಗಳಲ್ಲಿ ಒಂದು ನಿಮ್ಮ ಕೈಗೂ ಬೀಳಬಹುದು, ಇಕ್ಕಳ ಇಲ್ಲದೆ ಇದನ್ನ ಎಸೆಯಲೇಬೇಡಿ. ಮಕ್ಕಳು ಜೊತೆಗಿದ್ದರೆ ಮೊನೆಗಳ ಮುಳ್ಳನ್ನ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ.

ನಾಲ್ಕನೆಯದು: ಕಪ್ಪೆ

ಬೆಂಗಳೂರು, ಮೈಸೂರು ಕಡೆ ಕೊರವ ಮೀನಿಗೆ ಲೂರ್ ಹಾಕುವವರ ಹತ್ತಿರ ಟೊಳ್ಳು ರಬ್ಬರ್ ಕಪ್ಪೆ ನೋಡಿರುತ್ತೀರಿ. ಅದೇ ಇದು. ಎರಡು ಗಾಳ ಮೇಲ್ಮುಖವಾಗಿ ಕಪ್ಪೆಯ ಬೆನ್ನಿಗೆ ಅಂಟಿಕೊಂಡಿರುತ್ತವೆ, ಹಾಗಾಗಿ ದಟ್ಟ ಪಾಚಿ, ತಾವರೆ ಎಲೆ ಯಾವುದರ ಮೇಲೂ ಸಿಕ್ಕಿಕೊಳ್ಳದೆ ಜಾರಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ, ಬೆಳಕು ಹರಿಯುವ ಮೊದಲ ಒಂದು ಗಂಟೆ, ಮತ್ತೆ ಸಂಜೆ ಕತ್ತಲಾಗುವ ಹೊತ್ತು.

ಇದಕ್ಕೆ ಮಾತ್ರ ಬೇರೆ ರಾಡ್ ಬೇಕು, ಗಟ್ಟಿಯದು, 50 ಪೌಂಡಿನ ಬ್ರೇಡ್ ಲೈನ್ (ಹೆಣೆದ ದಾರ) ಹಾಕಿದ್ದು. 10 ಪೌಂಡ್ ಮಾನೊದಲ್ಲಿ ಎಸೆದರೆ ಮೀನು ಪಾಚಿಯೊಳಗೆ ನುಗ್ಗಿ ದಾರ ಕಿತ್ತುಕೊಂಡು ಬಾಯಲ್ಲಿ ಕಪ್ಪೆ ಇಟ್ಟುಕೊಂಡೇ ಹೋಗುತ್ತದೆ, ಅದು ಮೀನಿಗೂ ಕೇಡು. ಈ ಎರಡನೇ ರಾಡ್‌ಗೆ ದುಡ್ಡು ಹಾಕೋ ಮನಸ್ಸಿಲ್ಲದಿದ್ದರೆ ಮೊದಲ ಮೂರೇ ಸಾಕು ಅನ್ನಿ.

ಎರಡು ಸಣ್ಣ ಜಗ್ಗು, ನಿಲ್ಲಿಸಿ. ಎರಡು ಜಗ್ಗು, ನಿಲ್ಲಿಸಿ. ಪಾಚಿಯಲ್ಲಿ ತೂತು ಇರುವಲ್ಲಿ ಜಾಸ್ತಿ ಹೊತ್ತು ನಿಲ್ಲಿಸಿ. ನೀರು ಬಡಬಡ ಅಂತ ಸ್ಫೋಟ ಆಗುತ್ತದೆ, ಎದೆ ಧಸಕ್ ಅನ್ನುತ್ತದೆ, ಕೈ ತಾನಾಗೇ ರಾಡ್ ಎಳೆಯುತ್ತದೆ. ಆಗ ಕಪ್ಪೆ ಹಾರಿ ಬಂದು ನಿಮ್ಮ ಮುಖಕ್ಕೇ ಬಡಿಯುತ್ತದೆ. ಕಪ್ಪೆ ಕಣ್ಣಿಗೆ ಕಾಣದೆ ಹೋದ ಮೇಲೆ, ದಾರ ಬಿಗಿಯಾದ ಮೇಲೆ ಎಳೆಯಿರಿ. ಒಂದು ಉಸಿರು ಬಿಡುವಷ್ಟು ಹೊತ್ತು.

ಕಾಲ ನೋಡಿ ವೇಗ

ಟೆಕ್ಸಾಸ್‌ನಲ್ಲಿ ನೀರಿನ ಬಿಸಿ 60 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿದ್ದ ಹಾಗೆ ಬಾಸ್ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ, ಸುಮಾರಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್. ದಡದವರಿಗೆ ಇದೇ ಹಬ್ಬ. ತಳದಲ್ಲಿ ತಟ್ಟೆಯಷ್ಟು ಅಗಲದ ಬಿಳಿ ಜಾಗ ಕಂಡರೆ ಅದು ಗೂಡು, ಗಂಡು ಮೀನು ಕಾಯುತ್ತಿರುತ್ತದೆ. ಅದನ್ನ ಹಿಡಿಯೋದು ಇಲ್ಲಿ ಕಾನೂನಿಗೆ ವಿರುದ್ಧ ಅಲ್ಲ, ಆದರೆ ಅದನ್ನ ಎತ್ತಿ ಫೋಟೊ ತೆಗೆಯೋ ಹೊತ್ತಿಗೆ ಬ್ಲೂಗಿಲ್ ಬಂದು ಮೊಟ್ಟೆ ತಿಂದು ಹೋಗುತ್ತವೆ. ನಾನಂತೂ ಗೂಡಿಗೆ ಎಸೆಯಲ್ಲ. ಬೇಸಿಗೆ ನಡುಹಗಲು ಸುಮ್ನೆ ಮನೆಯಲ್ಲಿರಿ. ಅಕ್ಟೋಬರ್, ನವೆಂಬರ್‌ನಲ್ಲಿ ಶ್ಯಾಡ್ ಮೀನು ಗುಂಪಾಗಿ ಮೂಲೆಗಳಿಗೆ ಬರುತ್ತವೆ, ಸ್ಪಿನ್ನರ್‌ಬೇಟ್ ಸ್ವಲ್ಪ ಬೇಗ ಎಳೆಯಿರಿ. ಡಿಸೆಂಬರ್, ಜನವರಿಯಲ್ಲಿ ಹುಳು, ಆಳದಲ್ಲಿ. ನಿಮಗೆ ಬೇಜಾರಾಗುವಷ್ಟು ನಿಧಾನ.

ಹಿಡಿದ ಮೇಲೆ

ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣ ಕೈಗೆ ಅದರ ಮೈ ಲೋಳೆ ಅಂಟಿ ಬರುತ್ತದೆ. ಹೆಬ್ಬೆರಳು ಬಾಯೊಳಗೆ, ತೋರುಬೆರಳು ಗಲ್ಲದ ಕೆಳಗೆ. ಹಲ್ಲು ಮರಳು ಕಾಗದದ ಹಾಗೆ ಅಷ್ಟೇ, ಕಚ್ಚಿ ಗಾಯ ಮಾಡಲ್ಲ. ಎರಡು ಮೂರು ಪೌಂಡ್ ಮೇಲಿನದಾದರೆ ಇನ್ನೊಂದು ಕೈ ಹೊಟ್ಟೆ ಕೆಳಗೆ ಕೊಡಿ, ಬರೀ ದವಡೆ ಹಿಡಿದು ಅಡ್ಡಕ್ಕೆ ಎತ್ತಿದರೆ ದವಡೆ ಮುರಿಯಬಹುದು. ಗಾಳ ಆಳಕ್ಕೆ ಹೋಗಿ ಕೈಗೆ ಎಟುಕದಿದ್ದರೆ ಕೀಳೋಕೆ ಹೋಗಬೇಡಿ, ದಾರ ಕತ್ತರಿಸಿ ಬಿಟ್ಟುಬಿಡಿ. 13 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನದು ಬಿದ್ದರೆ ಇಲಾಖೆಯ ಶೇರ್‌ಲಂಕರ್ ಕಾರ್ಯಕ್ರಮಕ್ಕೆ (ದೊಡ್ಡ ಬಾಸ್ ತಳಿ ಬೆಳೆಸುವುದು) ತಿಳಿಸಿ. ಇದು 1986ರಿಂದ ನಡೆಯುತ್ತಿದೆ. ವರ್ಷದ ಮೊದಲ ಮೂರು ತಿಂಗಳಲ್ಲಾದರೆ ಅವರೇ ಬಂದು ಮೀನನ್ನ ಮರಿ ಮಾಡಿಸಲು ತೆಗೆದುಕೊಂಡು ಹೋಗುತ್ತಾರೆ.

ಮೀನಿನ ಫೋಟೊಗೆ ಅಂತ ದಡದಲ್ಲಿ ಮಂಡಿ ಊರುವ ಮುಂಚೆ ಕೆಳಗೆ ನೋಡಿ, ಫೈರ್ ಆಂಟ್ (ಉರಿಯುವಂತೆ ಕಚ್ಚುವ ಕೆಂಪಿರುವೆ) ಗೂಡು ಇರುತ್ತದೆ. ಜೊಂಡಿನೊಳಗೆ ಕೈ ಹಾಕಿ ಲೂರ್ ಬಿಡಿಸಬೇಡಿ, ಕಾಟನ್‌ಮೌತ್ ಅನ್ನೋ ವಿಷದ ಹಾವಿನ ಜಾಗ ಅದು. ಐದು ಡಾಲರ್ ಲೂರ್ ಹೋದರೆ ಹೋಗಲಿ.

ತಿನ್ನಬಹುದಾ ಅಂತ ನಮ್ಮವರು ಕೇಳೇ ಕೇಳುತ್ತಾರೆ. ಇಲ್ಲಿ ಬಾಸ್ ಹಿಡಿಯುವವರು ಬಹುತೇಕ ಬಿಡುತ್ತಾರೆ, ಆದರೆ ನಿಯಮದೊಳಗೆ ಇಟ್ಟುಕೊಂಡರೆ ತಪ್ಪಿಲ್ಲ. ಕ್ಯಾಡೊ ಲೇಕ್ ಥರ ಕೆಲವು ಕೆರೆಗಳ ಬಾಸ್‌ನಲ್ಲಿ ಪಾದರಸ ಇದೆ ಅಂತ ಆರೋಗ್ಯ ಇಲಾಖೆಯ ಎಚ್ಚರಿಕೆ ಇದೆ, ಅದನ್ನ ನೋಡಿಕೊಳ್ಳಿ. ಅಳತೆ ಮೀರಿದ ಮೇಲೆ ಚಿಕ್ಕದು ಒಳ್ಳೇದು, ದೊಡ್ಡದು ಬಿಡಿ. ಸಾರಿಗೆ ಬಾಸ್ ಅಂಥ ರುಚಿಯಲ್ಲ, ಚರ್ಮ ತೆಗೆದು ಹೋಳು ಮಾಡಿ ರವೆ ಹಚ್ಚಿ ಹುರಿದರೆ ಚೆನ್ನಾಗಿರುತ್ತದೆ. ಸಾರೇ ಬೇಕು ಅಂದ್ರೆ ಕ್ಯಾಟ್‌ಫಿಶ್ ಹಿಡಿಯಿರಿ, ಇಲಾಖೆಯವರು ಊರೊಳಗಿನ ಕೊಳಗಳಿಗೆ ತಂದು ಬಿಡುತ್ತಾರೆ, ಅದಕ್ಕೆ ಲೂರೂ ಬೇಡ, ಕೋಳಿ ಲಿವರ್ ಸಾಕು.